ಪೂಜೆಯ ದಿನ ಓಡಿದ ಮಗ್ಗ

"ನಿಲ್ಲಿಸು ಕಣ್ಣಾ. ಸ್ವಲ್ಪ ಹಿಂದಕ್ಕೆ ಹೋಗು. ಆ ಹುಡುಗಿ ದನಿ ಒಂದೇ ಉಳಿಯತ್ತಲ್ಲ, ಅಲ್ಲಿಂದ ಹಾಕು."

ಸುಮುಖ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದ. ವೇದವತಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಗಿಟಾರು ಇಳಿಯಿತು. ಡ್ರಮ್ಮು ಇಳಿಯಿತು. ಪದ್ಮಪ್ರಿಯಾಳ ದನಿಯೊಂದೇ ಉಳಿಯಿತು. ಅದರ ಹಿಂದೆ, ಗೋಡೆಯಾಚೆಯಿಂದ ಬಂದ ಹಾಗೆ, ಇನ್ನೊಂದು ಸದ್ದು. ಖಟಕ್ ಖಟ್. ಖಟಕ್ ಖಟ್.

ಮಗ್ಗ! ಕರೆಂಟಿನ ಮಗ್ಗ!

ವೇದವತಿ ಹೆಡ್‌ಫೋನು ಕಿತ್ತು ನೂಲಿನ ಪೆಟ್ಟಿಗೆಯ ಮೇಲಿಟ್ಟಳು. ವಿಮಾ ಕಂಪನಿಯಲ್ಲಿ ಸುಟ್ಟ ಗಿರಣಿ, ಕಳುವಾದ ಲಾರಿಗಳ ಸುಳ್ಳು ಹಿಡಿದು ಹಿಡಿದೇ ತಲೆ ನರೆಸಿಕೊಂಡು, ಈಗ ಕೊಯಮತ್ತೂರಿನಲ್ಲಿ ಸ್ವಂತ ಪತ್ತೇದಾರಿ ಆಫೀಸು ಇಟ್ಟಿರುವ ಹೆಂಗಸು ಅವಳು. ಸುಳ್ಳು ಹತ್ತಿರ ಬಂದರೆ ತನ್ನ ಬಲಗಿವಿ ಬೆಚ್ಚಗಾಗುತ್ತದೆ ಎಂದು ಜಂಬ ಕೊಚ್ಚಿಕೊಳ್ಳುವುದುಂಟು. ಈಗ ಎರಡೂ ಕಿವಿ ಕಾದಿದ್ದವು. ಅದರಲ್ಲಿ ಒಂದು ಪಾಲು ಹೆಡ್‌ಫೋನಿನದೇ ಇರಬಹುದು ಬಿಡಿ.

ಅವಳಿಗೆ ವಹಿಸಿದ ಕೆಲಸ ಒಂದೇ ಮಾತಿನದು. ‘ತರಿ’ ಎಂಬ ರಾಕ್ ಬ್ಯಾಂಡಿನ ಲೈವ್ ರೆಕಾರ್ಡಿಂಗು ಅಸಲಿಯೋ ನಕಲಿಯೋ ಎಂದು ಇವತ್ತು ಸಂಜೆಯೊಳಗೆ ನೊಯ್ಯಲ್ ಸಂಗೀತ ಮೇಳದ ಸಮಿತಿಗೆ ಹೇಳಬೇಕು.

ತರಿ ಅಂದರೆ ತಮಿಳಿನಲ್ಲಿ ಮಗ್ಗ. ಕಳೆದ ಆಯುಧಪೂಜೆಯ ದಿನ ನೇಕಾರರ ಊರು ಪಲ್ಲಡಂನಲ್ಲಿ, ಮಗ್ಗಗಳ ಮಾಲೀಕ ಚಿನ್ನಸಾಮಿ ಆಗತಾನೇ ಕಟ್ಟಿಸಿದ ಈ ಖಾಲಿ ಶೆಡ್ಡಿನಲ್ಲಿ, ನೇಯುವವರ ಮುಂದೆ, ಆ ಬ್ಯಾಂಡು ನುಡಿಸಿತ್ತು. ಸುಮುಖ ಅದನ್ನು ಹಿಡಿದಿದ್ದ. ನೊಯ್ಯಲ್ ಮೇಳದವರಿಗೆ ಸ್ಟುಡಿಯೋದಲ್ಲಿ ಕೂತು ತಿದ್ದಿ ತೀಡಿದ ಸರಕು ಬೇಡ. ಜನರ ಮುಂದೆ ನುಡಿಸಿದಲ್ಲೇ ಹಿಡಿದ ರೆಕಾರ್ಡಿಂಗು ಕೇಳಿ ಬ್ಯಾಂಡು ಆರಿಸುತ್ತಾರೆ. ಈ ಸಲ ಕೇಳಿದವರೆಲ್ಲ ಎದ್ದು ನಿಂತರಂತೆ. ಮೇಳದ ಕೊನೆಯ ವೇದಿಕೆ ‘ತರಿ’ಗೆ ಎಂದು ಸಾರಿಯೂ ಆಯಿತು. ಆಲ್ಬಮ್ಮಿನ ಮುಖದ ಮೇಲೆ ಹಾಡುಗಾರ್ತಿ ಪದ್ಮಪ್ರಿಯಾ ದೊಡ್ಡಕ್ಷರದಲ್ಲಿ ಹಾಕಿಸಿದ್ದಳು: ‘ಆ ದಿನ ಏನು ಕೇಳಿತೋ ಅದೇ ಇದು.’

ಆಮೇಲೆ ಒಬ್ಬರು ಸಮಿತಿಯವರ ಮನೆಗೆ ಹೋಗಿ ಹೇಳಿದರು: ಇದು ಕಟ್ಟಿದ ಸರಕು. ಯಾವ ಸಂಗೀತ ಕಚೇರಿಯೂ ರೆಕಾರ್ಡಿಂಗಿಗೆ ಹೀಗೆ ಬರುವುದಿಲ್ಲ, ವಿಚಾರಿಸಿ.

ಹಾಗೆ ಹೇಳಿದವರ ಹೆಸರು ವೇದವತಿಗೆ ಗೊತ್ತು. ಯಾರಿಗೂ ಹೇಳಬಾರದೆಂದು ಸಮಿತಿ ಅವಳಿಂದ ಮಾತು ತೆಗೆದುಕೊಂಡಿದೆ. ನಾವೂ ಅವಳ ಮಾತಿಗೆ ಬೆಲೆ ಕೊಟ್ಟು ಸದ್ಯಕ್ಕೆ ಸುಮ್ಮನಿರೋಣ.

"ಏನಾಯ್ತು ಮೇಡಂ?" ಸುಮುಖ ಕೇಳಿದ. ದಾವಣಗೆರೆಯ ಹುಡುಗ, ಹಗಲು ಪಂಪಿನ ಕಾರ್ಖಾನೆಯಲ್ಲಿ ಎಂಜಿನಿಯರು, ರಜೆ ಸಿಕ್ಕರೆ ಬ್ಯಾಂಡುಗಳ ಹಿಂದೆ ಮೈಕು ಹೊತ್ತು ತಿರುಗುವವನು.

"ಹಿಂದೆ ತರಿ ಓಡ್ತಾ ಇದೆ."

"ಪಲ್ಲಡಂ ಅಲ್ವಾ ಮೇಡಂ! ಇಲ್ಲಿ ಮಗ್ಗದ ಸದ್ದಿಲ್ಲದೆ ಇನ್ನೇನು ಕೇಳಿಸುತ್ತೆ? ನಾನು ಹೊರಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ, ಒಳಗೆ ಏನಾಯ್ತೋ ಕಾಣಲಿಲ್ಲ, ಸದ್ದು ಮಾತ್ರ ಬೇಕಂತಲೇ ಉಳಿಸ್ಕೊಂಡೆ. ತಾಳಕ್ಕೆ ಎಷ್ಟು ಚೆನ್ನಾಗಿ ಕೂತಿದೆ ನೋಡಿ."

ವೇದವತಿ ಅವನ ಮುಖವನ್ನೇ ನೋಡಿದಳು. ಪಾಪ, ಇವನಿಗೆ ಗೊತ್ತಿಲ್ಲ. ಬೆಳಿಗ್ಗೆ ಅವಳು ಬಂದಿಳಿದಾಗ ಚಿನ್ನಸಾಮಿ ಎದೆಯುಬ್ಬಿಸಿ ಹೇಳಿದ್ದ ಮಾತು ಅವಳ ಕಿವಿಯಲ್ಲಿನ್ನೂ ಇತ್ತು. "ಆಯುಧಪೂಜೆ ದಿನ ನಮ್ಮ ಪಲ್ಲಡಂನಲ್ಲಿ ಜೇಡ ಕೂಡ ನೇಯಲ್ಲ ಅಮ್ಮಾ. ಪ್ರತಿ ತರಿಗೂ ನಾನೇ ನನ್ನ ಕೈಯಾರೆ ಗಂಧ ಹಚ್ತೀನಿ. ಅವತ್ತು ಅದು ಸಾಮಿ. ಸಾಮಿ ಮೇಲೆ ಯಾರಾದ್ರೂ ಕೆಲಸ ಹಾಕ್ತಾರಾ?" ಬೀದಿಯ ಪೂಜಾ ಸಮಿತಿಗೆ ಅವನೇ ಯಜಮಾನ. ಒಂದು ವರ್ಷ ಯಾವನೋ ಪೂಜೆಯ ದಿನ ಕದ್ದು ಮಗ್ಗ ಓಡಿಸಿದನೆಂದು ಅವನ ಅಂಗಳಕ್ಕೇ ಹೋಗಿ ಉಗಿದು ಬಂದ ಮನುಷ್ಯ.

ಆಯುಧಪೂಜೆಯ ದಿನ ಪಲ್ಲಡಂನಲ್ಲಿ ಮಗ್ಗ ಓಡುವುದಿಲ್ಲ. ರೆಕಾರ್ಡಿಂಗಿನಲ್ಲಿ ಮಗ್ಗ ಓಡುತ್ತಿದೆ. ಹಾಗಾದರೆ ಈ ಹಾಡು ಆಯುಧಪೂಜೆಯ ದಿನದ್ದಲ್ಲ. ಲೆಕ್ಕ ಅಷ್ಟು ಸಲೀಸು.

ಅದನ್ನು ಬಿಡಿಸಿ ಹೇಳಿದಾಗ ಸುಮುಖ ಗಡಬಡಿಸಿ ಎದ್ದ. "ಇಲ್ಲ ಮೇಡಂ. ದೇವರಾಣೆ ಅವತ್ತಿಂದೇ! ಬೇರೆ ದಿನದ್ದು ಒಂದು ಚಪ್ಪಾಳೆ ತಂದು ಹಾಕಿಲ್ಲ. ಬೇಕಾದ್ರೆ ನನ್ನ ಕತ್ತು ಕೊಯ್ದುಬಿಡಿ."

"ಕತ್ತು ಇಟ್ಕೊಂಡು ನಾನೇನು ಮಾಡಲಿ? ನಿನಗೇ ಇರಲಿ. ಒಂದು ಹೇಳು. ಈ ವಾರವೆಲ್ಲ ನಾನು ಇಂಥದ್ದೇ ಕೇಳಿದ್ದೇನೆ. ದೊಡ್ಡ ದೊಡ್ಡ ಬ್ಯಾಂಡು, ದೊಡ್ಡ ದೊಡ್ಡ ಮೈದಾನ. ಎಲ್ಲ ಆರಿದ ದೋಸೆ. ಅಲ್ಲಿ ಏನೋ ನಡೀತು ಅಂತ ಗೊತ್ತಾಗತ್ತೆ, ನನಗೆ ಏನೂ ಆಗಲ್ಲ. ಇದೊಂದು ಮಾತ್ರ ಯಾಕೆ ಹೀಗೆ?"

ಇದು ಅವಳ ಮಟ್ಟಿಗೆ ದೊಡ್ಡ ಒಪ್ಪಿಗೆ. ದಾಸರ ಪದ ಬಿಟ್ಟು ಬೇರೆ ಕೇಳದವಳು. ರಾಕ್ ಅಂದರೆ ಮಿಕ್ಸಿಯೊಳಗೆ ಚಮಚ ಬಿದ್ದ ಹಾಗೆ ಎನ್ನುತ್ತಿದ್ದವಳು. ಇದನ್ನು ಮೊದಲ ಸಲ ಹಾಕಿದಾಗ ಅಡಿಗೆಮನೆಯಲ್ಲಿ ಕೈಯಲ್ಲಿ ಸೌಟು ಹಿಡಿದೇ ನಿಂತುಬಿಟ್ಟಿದ್ದಳು. ಹುಳಿ ತಳ ಹತ್ತಿತು.

ಸುಮುಖನ ಕಣ್ಣು ಮಿನುಗಿತು. ಕಸುಬಿನ ಮಾತು ಬಂದರೆ ಅವನಿಗೆ ಹೆದರಿಕೆ ಮರೆತೇ ಹೋಗುತ್ತದೆ. "ಎಲ್ಲರೂ ಏನು ಮಾಡ್ತಾರೆ ಗೊತ್ತಾ? ಗಿಟಾರಿಂದ ನೇರ ಒಂದು ವೈರು, ಹಾಡೋರಿಂದ ಒಂದು ವೈರು. ಎಲ್ಲ ತೊಳೆದಿಟ್ಟ ಹಾಗೆ ಬರುತ್ತೆ. ಜನರ ಸದ್ದು ಕಸ ಅಂತ ಕೆಳಗೆ ಒತ್ತಿಬಿಡ್ತಾರೆ. ಮದುವೆ ಫೋಟೋದಲ್ಲಿ ಗಂಡು ಹೆಣ್ಣು ಬಿಟ್ಟು ಬೇರೆ ಯಾರೂ ಇಲ್ಲದ ಹಾಗೆ. ಆದರೆ ಕಚೇರಿ ಅಂದ್ರೆ ಬ್ಯಾಂಡಿನದು ಅರ್ಧ, ಜನರದ್ದು ಅರ್ಧ ಮೇಡಂ. ಅವರು ಕೂಗಿದ್ದಕ್ಕೆ ಇವರು ಜೋರಾಗ್ತಾರೆ, ಇವರು ಜೋರಾದ್ರೆ ಅವರು ಇನ್ನೂ ಕೂಗ್ತಾರೆ. ನಾನು ಮೇಲಿನ ತೊಲೆಯಿಂದ ಎರಡು ಮೈಕು ಜನರ ತಲೆ ಮೇಲೇ ಇಳಿಬಿಟ್ಟೆ. ತಗಡಿನ ಸೂರು ನಡುಗಿದ್ದು ಕೂಡ ಇದರಲ್ಲಿದೆ. ಮೂರನೇ ಹಾಡಲ್ಲಿ ಗಿಟಾರು ತಪ್ಪಿದ್ದನ್ನೂ ತಿದ್ದಲಿಲ್ಲ."

"ಅಪ್ಪುರಂ? ಆಮೇಲೆ?"

"ಅಷ್ಟೇ ಮೇಡಂ." ಅವನು ಲ್ಯಾಪ್‌ಟಾಪಿನ ಕಡೆ ತಿರುಗಿಕೊಂಡ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು ಇವನು ಎಂದು ವೇದವತಿಗೆ ಅನ್ನಿಸಿತು. ಏನೋ ಒಂದು ಇವನ ಹತ್ತಿರ ಇದೆ. ಆದರೆ ಮಗ್ಗದ ವಿಷಯದಲ್ಲಿ ಇವನು ಸುಳ್ಳು ಹೇಳುತ್ತಿರಲಿಲ್ಲ.

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಪದ್ಮಪ್ರಿಯಾ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಒಳಗೆ ಬಂದಳು. ಕೊಯಮತ್ತೂರಿನಿಂದ ಬಿಸಿಲಲ್ಲೇ ಬಂದ ಕನ್ನಡದ ಮನೆಯ ಹುಡುಗಿ, ಮುಖ ಕೆಂಪಾಗಿತ್ತು.

"ಮಾಮೀ, ಮುಗೀತಾ? ನಾವು ಸಾಚಾ ಅಂತ ಹೇಳಿಬಿಡ್ತೀರಾ?"

"ಕೂತ್ಕೋ ಮೊದಲು."

"ಇಲ್ಲ, ನಿಂತೇ ಕೇಳ್ತೇನೆ."

ವೇದವತಿ ಸುತ್ತಿ ಬಳಸಿ ಮಾತಾಡುವವಳಲ್ಲ. ಹೆಡ್‌ಫೋನು ಅವಳ ಕೈಗೆ ಕೊಟ್ಟು, ಅದೇ ಜಾಗ ಹಾಕಿಸಿ, "ಇದು ಏನು?" ಎಂದಳು.

ಪದ್ಮಪ್ರಿಯಾ ಕೇಳಿದಳು. ಹುಡುಗಿ ಬೆಚ್ಚಲಿಲ್ಲ, ಅಳಲಿಲ್ಲ. ಗದ್ದ ಸ್ವಲ್ಪ ಮೇಲೆ ಹೋಯಿತು, ಅಷ್ಟೇ.

"ತರಿ."

"ಪೂಜೆ ದಿನ?"

"ಆಮಾ. ಪೂಜೆ ದಿನ."

"ಯಾರು ಓಡಿಸಿದ್ದು?"

"ಅದು ನಾನು ಹೇಳಲ್ಲ ಮಾಮಿ."

ಸುಮುಖ ಬಾಯಿ ತೆರೆದ. ಅವಳು ಅವನ ಕಡೆ ನೋಡಲೂ ಇಲ್ಲ.

"ಹೇಳದಿದ್ದರೆ ಏನಾಗತ್ತೆ ಗೊತ್ತಾ ನಿನಗೆ?" ವೇದವತಿಯ ದನಿ ಗಟ್ಟಿಯಾಯಿತು. "ನಾನು ಸಂಜೆ ಸಮಿತಿಗೆ ಹೋಗಿ, ಈ ಹಾಡು ಆ ದಿನದ್ದಲ್ಲ ಅಂತ ಹೇಳಬೇಕು. ನನ್ನ ಹತ್ತಿರ ಇರೋದು ಅಷ್ಟೇ. ಮೇಳ ಹೋಗತ್ತೆ. ಮೇಳ ಹೋದರೆ ಹೋಗಲಿ, ಮುಂದಿನ ವರ್ಷ ಇನ್ನೊಂದು. ಮೋಸ ಮಾಡಿದಳು ಅನ್ನೋ ಹೆಸರು ಬರತ್ತಲ್ಲ ಕಣ್ಣಮ್ಮಾ, ಅದು ಹೋಗತ್ತಾ? ನಾಳೆ ನೀನು ಯಾವ ವೇದಿಕೆ ಹತ್ತಿದರೂ ಇವಳು ಪೊಯ್ ರೆಕಾರ್ಡಿಂಗಿನವಳು ಅಂತಾರೆ."

ಪೊಯ್ ಅಂದರೆ ಸುಳ್ಳು. ಆ ಮಾತು ಹುಡುಗಿಗೆ ಚೆನ್ನಾಗಿ ತಾಗಿತು, ಕಣ್ಣು ತುಂಬಿಕೊಂಡಿತು. ಆದರೂ ಗದ್ದ ಇಳಿಯಲಿಲ್ಲ.

"ನಮ್ಮ ಮನೇಲಿ ಒಂದು ಬೀರು ತುಂಬ ಲೈವ್ ರೆಕಾರ್ಡುಗಳು ಮಾಮಿ. ಅಪ್ಪ ಕಾಲೇಜಲ್ಲಿದ್ದಾಗಿನಿಂದ ಕೂಡಿಸಿದ್ದು. ನಾನು ತೊಟ್ಟಿಲಲ್ಲಿ ಇದ್ದಾಗಲೇ ಅದನ್ನ ಕೇಳಿದವಳು. ಪ್ರತಿಯೊಂದೂ ಮುಗಿದ ಮೇಲೆ ಅಪ್ಪ ಒಂದೇ ಮಾತು ಹೇಳೋರು: ಇದು ಕಚೇರಿಯ ನೆರಳು ಮಗಳೇ, ಕಚೇರಿ ಅಲ್ಲ, ಅದು ಯಾವತ್ತೂ ಟೇಪಿಗೆ ಬರಲ್ಲ. ನಾನು ಬರತ್ತೆ ಅಂತಿದ್ದೆ. ಇಬ್ಬರಿಗೂ ಇದೇ ಜಗಳ. ನಾನು ಕೆಲಸ ಬಿಟ್ಟು ಬ್ಯಾಂಡು ಕಟ್ಟಿದ ಮೇಲೆ ಜಗಳ ಬೇರೆ ಆಯ್ತು, ಮಾತೇ ನಿಂತುಹೋಯ್ತು. ಒಂದು ಕಚೇರಿಗೂ ಬರಲಿಲ್ಲ. ಈ ಆಲ್ಬಂ ಮಾಡಿ ಟೇಬಲ್ ಮೇಲೆ ಇಟ್ಟೆ. ಕೇಳಿದ್ರೋ ಇಲ್ವೋ ಅದೂ ಗೊತ್ತಿಲ್ಲ." ಅವಳು ಮೂಗು ಒರೆಸಿಕೊಂಡಳು. "ಇದು ಸತ್ಯ ಮಾಮಿ. ಎಳೆ ಎಳೆನೂ ಸತ್ಯ. ಆ ಸತ್ಯ ಉಳಿಸಿಕೊಳ್ಳೋಕೆ ನಾನು ಇನ್ನೊಬ್ಬರ ಮರ್ಯಾದೆ ತೆಗೀಬೇಕು ಅಂದ್ರೆ ಆಗಲ್ಲ. ಮಾತು ಕೊಟ್ಟಿದ್ದೇನೆ."

ವೇದವತಿ ಎದ್ದು ಹೋಗಿ ಕೊಡದಿಂದ ನೀರು ಬಗ್ಗಿಸಿ ತಂದು ಹುಡುಗಿಗೆ ಕೊಟ್ಟಳು. ಅವಳಿಗೆ ಸಿಟ್ಟೂ ಬಂದಿತ್ತು, ಹೆಮ್ಮೆಯೂ ಆಗಿತ್ತು. ಎಂಥೆಂಥ ಸುಳ್ಳುಬುರುಕರನ್ನು ಎದುರಿಗೆ ಕೂರಿಸಿಕೊಂಡವಳು. ತನಗೆ ಅನುಕೂಲವಾದ ನಿಜವನ್ನೇ ಬಾಯಿಬಿಡದ ಆಸಾಮಿ ಇವತ್ತೇ ಮೊದಲು ಸಿಕ್ಕಿದ್ದು.

"ಅಮ್ಮಾ, ಆ ಕೂಸನ್ನ ಬಿಟ್ಟುಬಿಡಿ."

ಬಾಗಿಲಲ್ಲಿ ಚಿನ್ನಸಾಮಿ ನಿಂತಿದ್ದ. ಹಳೇ ಶೆಡ್ಡಿಗೂ ಹೊಸದಕ್ಕೂ ನಡುವೆ ಇರುವ ಕಬ್ಬಿಣದ ಬಾಗಿಲು ಅದು. ಊಟದ ಹೊತ್ತು, ಆಚೆ ಮಗ್ಗಗಳೆಲ್ಲ ನಿಂತಿದ್ದವು. ಇಲ್ಲಿ ಆಡಿದ್ದು ಅವನಿಗೆಷ್ಟು ತಿಳಿಯಿತೋ, ಆಡಿದ್ದು ಕನ್ನಡ. ಆದರೆ ತರಿ, ಪೂಜೆ, ಪೊಯ್ ಎಂಬ ಮೂರು ಮಾತು ಕೇಳಿದರೆ ಅವನಿಗೆ ಸಾಕಿತ್ತು.

"ಅಣ್ಣಾ, ನೀವು ಸುಮ್ಮನಿರಿ," ಪದ್ಮಪ್ರಿಯಾ ತಮಿಳಿನಲ್ಲಿ ಹೇಳಿದಳು.

"ಸುಮ್ಮನಿದ್ದು ಸುಮ್ಮನಿದ್ದು ಅನ್ನ ಇಳೀತಿಲ್ಲ ಸಾಮಿ." ಅವನು ಹೆಗಲ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡ. ಮಾತಿಗೊಂದು ‘ಂಗ’ ಸೇರಿಸಿ ಮರ್ಯಾದೆಯಾಗಿ ಆಡುವ ಕೊಂಗುನಾಡಿನ ತಮಿಳು ಅವನದು. "ನಾನೇ ಓಡಿಸಿದ್ದುಂಗ ಅಮ್ಮಾ."

ವೇದವತಿ ಕುಕ್ಕರಿಸಿದ ಹಾಗೆ ಕೂತಳು. "ನೀವಾ!"

"ಆಮಾಂಗ. ಜೇಡ ಕೂಡ ನೇಯಲ್ಲ ಅಂತ ಜಂಬ ಹೊಡೆದೆನಲ್ಲ, ಅದೇ ಚಿನ್ನಸಾಮಿ." ಅವನು ನಗಲು ನೋಡಿದ, ಆಗಲಿಲ್ಲ. "ಅವತ್ತು ಪೂಜೆ ಆಯ್ತು, ಕಡಲೆ ಸುಂಡಲ್ ಹಂಚಿ ಆಯ್ತು. ಈ ಮಕ್ಕಳು ಶುರು ಮಾಡಿದ್ರು. ನಾನು ಈ ಬಾಗಿಲ ಹತ್ತಿರ ನಿಂತಿದ್ದೆ. ನನಗೇನು ಗೊತ್ತು ಈ ಸಂಗೀತ? ಆದರೆ ಐದನೇ ಹಾಡು ಬಂತು ನೋಡಿ. ವಾದ್ಯ ಎಲ್ಲ ನಿಂತು ಈ ಕೂಸು ಒಂದೇ ಹಾಡ್ತಿತ್ತು. ತರಿ ಹೊಡೆದ ಹಾಗೆ ಹಾಡ್ತಿತ್ತು! ನನ್ನ ಆಳುಗಳೆಲ್ಲ ಕಾಲಲ್ಲಿ ತಾಳ ಹಾಕ್ತಿದ್ರು. ಈಶ್ವರಿ ಅಂತ ನೂಲು ಸುತ್ತೋ ಹೆಂಗಸು, ಎರಡು ಮಾತಾಡಿದವಳಲ್ಲ, ಅವಳು ಕೈ ಎತ್ತಿ ಕುಣೀತಿದ್ದಾಳೆ! ನನ್ನ ಮೈಯೆಲ್ಲ ಏನೋ ಆಗೋಯ್ತು. ಕೈ ಸುಮ್ಮನಿರಲಿಲ್ಲ. ಹಿಂದೆ ಹೋಗಿ ಮೊದಲನೇ ತರಿ ಸ್ವಿಚ್ಚು ಹಾಕಿಬಿಟ್ಟೆ. ಗಂಧ ಹಚ್ಚಿದ ತರಿ. ಹಚ್ಚಿದವನೂ ನಾನೇ."

"ನಾನು ವೇದಿಕೆಯಿಂದ ನೋಡಿದೆ," ಪದ್ಮಪ್ರಿಯಾ ಮೆಲ್ಲನೆ ಹೇಳಿದಳು. "ನಮ್ಮ ಡ್ರಮ್ಮರು ತಕ್ಷಣ ಅದಕ್ಕೆ ತಾಳ ಹೊಂದಿಸಿದ. ಆಮೇಲೆ ಏನಾಯ್ತೋ ನಮಗೇ ಗೊತ್ತಿಲ್ಲ ಮಾಮಿ. ಅಂಥ ಹಾಡು ನಾವು ಮತ್ತೆ ಹಾಡಲೇ ಇಲ್ಲ."

"ಮಾರನೇ ದಿನ ಅಮ್ಮನ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ," ಚಿನ್ನಸಾಮಿ ಅಂದ. "ಶೆಡ್ಡಲ್ಲಿದ್ದವರಿಗೆಲ್ಲ ಗೊತ್ತು. ಒಬ್ಬರೂ ಹೊರಗೆ ಬಾಯಿ ಬಿಟ್ಟಿಲ್ಲ. ನನ್ನ ಜನ ಅಂಥವರು. ಈ ಕೂಸೂ ಮಾತು ಕೊಡ್ತು. ಆದರೆ ನನ್ನ ತಪ್ಪಿಗೆ ಇದನ್ನ ಪೊಯ್ ಅಂತಾರಾ? ಬೇಡಾಂಗ. ಹೇಳಿ ನಿಮ್ಮ ಸಮಿತಿಗೆ. ಪೂಜೆ ದಿನ ಚಿನ್ನಸಾಮಿ ತರಿ ಓಡಿಸಿದ ಅಂತ ಹೆಸರು ಹಿಡಿದೇ ಹೇಳಿ. ಊರು ಉಗೀಲಿ. ನಾನೂ ಉಗಿದವನೇ ಅಲ್ವಾ."

ವೇದವತಿಗೆ ಅವನನ್ನು ಅಲ್ಲೇ ನಂಬಿಬಿಡಬೇಕು ಅನ್ನಿಸಿತು. ಆದರೆ ಕಸುಬು ಕಸುಬೇ. ಅಭಿಮಾನಕ್ಕೆ ಬಿದ್ದು ಬೇರೆಯವರ ತಪ್ಪು ತಲೆಗೆ ಕಟ್ಟಿಕೊಂಡವರನ್ನೂ ಅವಳು ಕಂಡಿದ್ದಳು.

"ತಪ್ಪು ತಿಳ್ಕೋಬೇಡಿ ಅಣ್ಣಾ. ಬಾಯಿ ಮಾತು ಸಮಿತಿಗೆ ಸಾಲದು. ಆ ತರಿ ಈಗ ಒಂದು ಸಲ ಓಡಿಸ್ತೀರಾ? ಅದೊಂದೇ."

ಚಿನ್ನಸಾಮಿಯ ಮುಖ ಅರಳಿತು. "ಬನ್ನಿ, ಬನ್ನಿ! ಅದರ ಸದ್ದು ಬೇರೆ ಯಾವ ತರಿಗೂ ಬರಲ್ಲ. ನಮ್ಮಪ್ಪ ತಂದು ನಿಲ್ಲಿಸಿದ್ದು. ನೊಂಡಿ ಅಂತಲೇ ಅದಕ್ಕೆ ಹೆಸರು."

ನೊಂಡಿ ಅಂದರೆ ಕುಂಟಿ. ಹಳೇ ಶೆಡ್ಡಿನ ಮೂಲೆಯಲ್ಲಿ ಅದು ಎಣ್ಣೆ ಕುಡಿದು ಕರ್ರಗೆ ಕೂತಿತ್ತು. ಸ್ವಿಚ್ಚು ಹಾಕಿದ್ದೇ ಲಾಳಿ ಆ ಕಡೆಗೂ ಈ ಕಡೆಗೂ ಹಾರತೊಡಗಿತು. ಖಟಕ್ ಖಟ್. ಖಟಕ್ ಖಟ್. ಬಲಗಡೆಯ ಏಟು ಒಂದು ಕೂದಲೆಳೆಯಷ್ಟು ತಡ.

ಸುಮುಖ ಮೈಕು ಹಿಡಿದು ಅದನ್ನು ಎತ್ತಿಕೊಂಡ. ಲ್ಯಾಪ್‌ಟಾಪಿನಲ್ಲಿ ಐದನೇ ಹಾಡಿನ ಪಕ್ಕಕ್ಕೇ ಇಟ್ಟು ಎರಡನ್ನೂ ಒಟ್ಟಿಗೆ ಬಿಟ್ಟ. ಕುಂಟಿಯ ಮೇಲೆ ಕುಂಟಿ ಕೂತಿತು. ಎರಡು ಸದ್ದು ಒಂದೇ ಆಯಿತು. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತು ಎಂದು ಹೇಳಲು ಬರುವ ಹಾಗಿರಲಿಲ್ಲ.

"ಅಯ್ಯೋ ಇದೇ! ಇದೇ ಮೇಡಂ!" ಸುಮುಖ ಕೂಗಿದ. ಪದ್ಮಪ್ರಿಯಾ ಚಿನ್ನಸಾಮಿಯ ಎರಡೂ ಕೈ ಹಿಡಿದುಕೊಂಡಳು. ವೇದವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನೂಲಿನ ಧೂಳು ಎಂದಳು. ಯಾರೂ ನಂಬಲಿಲ್ಲ.

"ನಾನು ಇದನ್ನ ಕೇಳೇ ಇಲ್ಲಾಂಗ," ಚಿನ್ನಸಾಮಿ ಸಂಕೋಚದಿಂದ ಹೇಳಿದ. "ಕೂಸು ತಂದುಕೊಟ್ಟಿತ್ತು. ನಾಚಿಕೆಗೆ ಹಾಕಲಿಲ್ಲ. ಈಗ ಒಂದು ಸಲ..."

"ಕೂತ್ಕೊಳ್ಳಿ ಅಣ್ಣಾ." ಸುಮುಖ ಸ್ಪೀಕರಿನ ವೈರು ಸಿಕ್ಕಿಸಿ ಐದನೇ ಹಾಡನ್ನು ಮೊದಲಿಂದ ಹಾಕಿದ.

ಚಿನ್ನಸಾಮಿ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು ಕೇಳಿದ. ಮಗ್ಗದ ಸದ್ದು ಬಂದಾಗ ಅವನ ಬೆನ್ನು ನೆಟ್ಟಗಾಯಿತು. "ಹಗಲು ರಾತ್ರಿ ಇದೇ ಸದ್ದು ಕೇಳಿ ಕೇಳಿ ಕಿವಿ ಕೆಟ್ಟಿತ್ತು. ಇದು ಇಷ್ಟು ಚಂದ ಇದೆ ಅಂತ ಇವತ್ತು ಗೊತ್ತಾಯ್ತು," ಎಂದ. ಹಾಡು ಏರಿತು, ಡ್ರಮ್ಮು ಮಗ್ಗವನ್ನು ಬೆನ್ನಟ್ಟಿತು, ಜನ ಕೂಗಿದರು. ತಟಕ್ಕನೆ ಎಲ್ಲ ಒಟ್ಟಿಗೆ ನಿಂತಿತು. ಚಪ್ಪಾಳೆ ಬಿತ್ತು. ಆರನೇ ಹಾಡಿನ ಗಿಟಾರು ಶುರುವಾಯಿತು.

ಚಿನ್ನಸಾಮಿ ಕೈ ಎತ್ತಿದ.

"ಇಷ್ಟೇನಾ? ಆ ಕೂಗು ಎಲ್ಲಿ?"

"ಯಾವ ಕೂಗು?" ವೇದವತಿ ಕೇಳಿದಳು.

"ನಾನು ತರಿ ನಿಲ್ಲಿಸಿ ಈ ಬಾಗಿಲಿಗೆ ಬಂದೆನಲ್ಲಮ್ಮಾ. ಎಲ್ಲರೂ ತಿರುಗಿ ನನ್ನ ನೋಡಿ ಅಣ್ಣಾ ಅಣ್ಣಾ ಅಂತ ಕೂಗಿದ್ರು. ಸೂರು ಹಾರಿಹೋಗೋ ಹಾಗೆ ಕೂಗಿದ್ರು! ನಾನು ತಲೆ ತಗ್ಗಿಸಿ ನಿಂತಿದ್ದೆ, ಮುಗೀತಾನೇ ಇರಲಿಲ್ಲ. ಅದು ಇದರಲ್ಲಿ ಇಲ್ಲವಲ್ಲ?"

ಪದ್ಮಪ್ರಿಯಾ ನಿಧಾನವಾಗಿ ಸುಮುಖನ ಕಡೆ ತಿರುಗಿದಳು. ಆಲ್ಬಮ್ಮು ಕೇಳಿದಾಗೆಲ್ಲ ಅವಳಿಗೂ ಅಲ್ಲಿ ಏನೋ ಬೇಗ ಮುಗಿದ ಹಾಗೆ ಅನ್ನಿಸಿತ್ತು. ತನ್ನ ನೆನಪೇ ಉಬ್ಬಿರಬೇಕು ಎಂದುಕೊಂಡಿದ್ದಳು.

"ಸುಮುಖಾ?"

ಸುಮುಖನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. "ಸೇರಿಸಿಲ್ಲ. ಏನೂ ಸೇರಿಸಿಲ್ಲ ಪದ್ಮಾ. ಅದೊಂದು ತುಂಡು... ತೆಗೆದೆ."

"ತೆಗೆದೆಯಾ!"

"ಒಬ್ಬ ಮನುಷ್ಯ ಸರಿಯಾಗಿ ನನ್ನ ಮೈಕಿನ ಕೆಳಗೆ ನಿಂತು ಕಿರುಚಿದ್ದ. ಎಲ್ಲರ ದನಿಗಿಂತ ಮೇಲೆ ಅವನ ದನಿ. ಅದೂ ಕನ್ನಡದಲ್ಲಿ! ಪಲ್ಲಡಂ ನೇಕಾರರ ನಡುವೆ ಕನ್ನಡ ಕೇಳಿಸಿದ್ರೆ ಜನ ಏನಂತಾರೆ? ಮನೆಯವರನ್ನ ಕರ್ಕೊಂಡು ಬಂದು ಕೂಗಿಸಿದ್ದಾರೆ ಅಂತಾರೆ. ಅವನದೊಂದನ್ನೇ ತೆಗೆಯೋಕೆ ಆಗಲಿಲ್ಲ, ಎಲ್ಲ ಒಂದೇ ಮೈಕಲ್ಲಿತ್ತು. ಅಷ್ಟೂ ಕತ್ತರಿಸಿ ಎರಡು ತುದಿ ಸೇರಿಸಿದೆ. ಆ ಜೋಡಣೆ ಎಲ್ಲಿದೆ ಅಂತ ಇವತ್ತಿನವರೆಗೆ ಒಬ್ಬರಿಗೂ ಸಿಕ್ಕಿಲ್ಲ." ಕೊನೆಯ ಮಾತಿನಲ್ಲಿ ಹಾಳು ಹೆಮ್ಮೆ ಇಣುಕಿತು. ಅವನಿಗೇ ಅದು ಕೇಳಿಸಿ ತಲೆ ತಗ್ಗಿಸಿದ.

ವೇದವತಿ ಗಡಿಯಾರ ನೋಡಲಿಲ್ಲ. ಹುಡುಗಿಯ ಮುಖ ನೋಡಿದಳು. ‘ಆ ದಿನ ಏನು ಕೇಳಿತೋ ಅದೇ ಇದು’ ಎಂದು ಹಾಕಿಸಿದವಳು ಅವಳು. ಈಗ ತಾನೇ ಕೈಗೆ ಬಂದ ಗೆಲುವು ಅವಳ ಕಣ್ಣೆದುರಿಗೇ ಜಾರಿತ್ತು. ಸುಮುಖ ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಈಗಲೂ ಈ ನಾಲ್ವರು ಬಾಯಿ ಮುಚ್ಚಿದರೆ ಹೊರಗೆ ಹೋಗುವ ಹಾಗಿಲ್ಲ.

"ಮಾಮಿ," ಪದ್ಮಪ್ರಿಯಾ ಹೇಳಿದಳು. "ಒಂದು ತುಂಡು ತೆಗೆದಿದ್ದೇವೆ ಅಂತ ಸಮಿತಿಗೆ ಹೇಳಿ. ನಾನೇ ಹೇಳಿದೆ ಅಂತ ಹೇಳಿ. ಚಿನ್ನಸಾಮಿ ಅಣ್ಣ ಊರ ಮುಂದೆ ಬಾಯಿ ಬಿಡ್ತೇನೆ ಅಂದಾಗ ನಾನು ಹೆದರಿ ಕೂರೋದಾ? ಆ ತುಂಡೂ ತಗೊಂಡು ಹೋಗಿ. ಅವರು ಪೂರ್ತಿ ಕೇಳಲಿ. ಆಮೇಲೆ ಬೇಡ ಅಂದ್ರೆ ಬೇಡ."

"ಭಲೇ," ಎಂದಳು ವೇದವತಿ. ಅವಳು ಹಾಗೆಲ್ಲ ಸುಲಭವಾಗಿ ಅನ್ನುವವಳಲ್ಲ. "ಸುಮುಖಾ, ಆ ತುಂಡು ಇದೆಯಾ, ಎಸೆದೆಯಾ?"

"ಎಸೀತೀನಾ ಮೇಡಂ? ಮೂಲ ಹಾಗೇ ಇದೆ."

"ಹಾಕು."

ಮಗ್ಗ ನಿಂತಿತು. ಹಾಡು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಸದ್ದೇ ಇಲ್ಲ. ಆಮೇಲೆ ಬಂತು ನೋಡಿ ಕೂಗು! ಸ್ಪೀಕರು ಪೆಟ್ಟಿಗೆಯ ಮೇಲೆ ಅದುರಿತು. ಅಣ್ಣಾ, ಅಣ್ಣಾ ಎಂದು ಹೆಂಗಸರು ಗಂಡಸರು ಒಂದೇ ಸಮನೆ ಕೂಗುತ್ತಿದ್ದರು, ತಗಡು ಗಲಗಲ ಎನ್ನುತ್ತಿತ್ತು, ಯಾರೋ ಅಳುತ್ತಿದ್ದರು, ಯಾರೋ ಸಿಳ್ಳೆ ಹಾಕುತ್ತಿದ್ದರು. ಚಿನ್ನಸಾಮಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಆಲ್ಬಮ್ಮಿನಲ್ಲಿ ಇದ್ದದ್ದಕ್ಕಿಂತ ಬಿಟ್ಟದ್ದೇ ದೊಡ್ಡದಿತ್ತು.

ಅದೆಲ್ಲದರ ಮೇಲೆ, ಗಂಟಲು ಹರಿದುಹೋದ ಒಂದು ಗಂಡು ದನಿ:

"ನನ್ನ ಮಗಳು! ಅವಳು ನನ್ನ ಮಗಳು ರೀ! ಕೇಳಿಸ್ತಾ? ನನ್ನ ಮಗಳು!"

ಪದ್ಮಪ್ರಿಯಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅಳುವೋ ನಗುವೋ ಗೊತ್ತಾಗದ ಸದ್ದು ಬಂತು.

"ಅಪ್ಪ! ಮಾಮೀ, ನಮ್ಮಪ್ಪ! ಬಂದಿದ್ರು! ಒಂದು ಮಾತು ಹೇಳಿಲ್ಲ ನನಗೆ... ಇಲ್ಲೇ ನಿಂತಿದ್ರು! ನನ್ನ ಮಗಳು ಅಂತ ಕೂಗಿದ್ದಾರೆ ಮಾಮಿ!"

"ಯಾರು, ನಿಮ್ಮಪ್ಪನಾ? ಅಯ್ಯೋ ದೇವರೇ, ನಾನು ಕತ್ತರಿಸಿದ್ದು ಅವರನ್ನಾ?" ಸುಮುಖ ತಲೆ ಮೇಲೆ ಕೈ ಇಟ್ಟುಕೊಂಡ.

ಪದ್ಮಪ್ರಿಯಾ ಅವನನ್ನು ಬಯ್ಯುವ ಸ್ಥಿತಿಯಲ್ಲಿರಲಿಲ್ಲ. ಅವಳ ಮುಖ ದೀಪ ಹಚ್ಚಿದ ಹಾಗಿತ್ತು. ಮೇಳ, ಸಮಿತಿ, ಎಲ್ಲ ಮರೆತಿದ್ದಳು. "ಈಗಲೇ ಫೋನ್ ಮಾಡ್ತೇನೆ. ಸ್ಪೀಕರಲ್ಲೇ ಹಾಕ್ತೇನೆ, ನೀವೂ ಕೇಳಿ ಮಾಮಿ. ಟೇಪಿಗೆ ಬರಲ್ಲ ಅಂದ್ರಲ್ಲ ಅಪ್ಪ, ನೀವೇ ಬಂದಿದ್ದೀರಿ ಅಂತ ಹೇಳ್ತೇನೆ!"

"ಪದ್ಮಾ, ಸ್ವಲ್ಪ ತಾಳು," ವೇದವತಿ ಅಂದಳು.

ಹುಡುಗಿಗೆ ಕೇಳಿಸಲಿಲ್ಲ. ಬೆರಳು ಆಗಲೇ ಹೆಸರನ್ನು ಒತ್ತಿತ್ತು. ಫೋನಿನ ತುಂಬ ಹೊಳೆಯಿತು: ಅಪ್ಪ.

ವೇದವತಿ ಫೋನಿನ ಕಡೆ ಕೈ ಚಾಚಿದಳು, ತಡವಾಗಿತ್ತು. ಇಷ್ಟು ಹೊತ್ತು ಅವಳ ಹೊಟ್ಟೆಯಲ್ಲೇ ಇದ್ದ ಹೆಸರು ಈಗ ನಾಲಗೆಯ ತುದಿಗೆ ಬಂತು. ಸಮಿತಿಯವರ ಮನೆಗೆ ತಾವಾಗಿ ಹೋಗಿ, ಕಾಫಿಯನ್ನೂ ಮುಟ್ಟದೆ, "ನಾನು ಆ ಕಚೇರಿಗೆ ಹೋದವನಲ್ಲ, ಆದರೆ ಇದು ಮೋಸ, ವಿಚಾರಿಸಿ" ಎಂದು ದೂರು ಕೊಟ್ಟು ಬಂದವರು ಕೊಯಮತ್ತೂರಿನ ಕಣ್ಣಿನ ವೈದ್ಯರು, ಡಾಕ್ಟರ್ ಅರವಿಂದ್. ಪದ್ಮಪ್ರಿಯಾಳ ಅಪ್ಪ. ಹೋದವನಲ್ಲ ಎಂದವರು ಅಲ್ಲೇ ನಿಂತು ಕೂಗಿದ್ದರು; ತಮ್ಮ ಆ ಕೂಗು ಆಲ್ಬಮ್ಮಿನಲ್ಲಿ ಇಲ್ಲದ್ದು ಕಂಡೇ ಮೋಸ ಎಂದಿರಬೇಕು.

ಆ ಕಡೆ ಫೋನು ಎತ್ತಿದರು.

"ಹೇಳು ಮಗಳೇ," ಎಂದಿತು ದನಿ.